ಪ್ರತಿಕ್ರಿಯೆ: ಎಸ್ಪೊಸಿಟೊ ಮನೆತನದ ಮೂಲ ಊರು ಯಾವುದು?

ಅಮೆರಿಕಕ್ಕೆ ವಲಸೆ ಬಂದ ನಿಮ್ಮ ಮುತ್ತಜ್ಜನ ಊರನ್ನು ಮನೆತನದ ಹೆಸರುಗಳ ಹಂಚಿಕೆಯ ನಕ್ಷೆಯಿಂದ ತಿಳಿಯಬಹುದೇ ಎಂದು ಕೇಳಿದ್ದೀರಿ. ಆ ನಕ್ಷೆಯಲ್ಲಿ ಇಟಲಿಯ ನೇಪಲ್ಸ್ ಸುತ್ತಮುತ್ತ ಎಲ್ಲೆಡೆ ಎಸ್ಪೊಸಿಟೊ ಕಾಣುವುದಕ್ಕೆ ಕಾರಣ, ಅದು ಒಂದೇ ವಂಶದ ಹೆಸರಲ್ಲ. ಲ್ಯಾಟಿನ್ನಿನ 'ಎಕ್ಸ್‌ಪೊಸಿಟುಸ್', ಅಂದರೆ ಹೊರಗೆ ಬಿಟ್ಟ ಮಗು. ಅನಾಥ ಶಿಶುಗಳಿಗೆ ಇಟ್ಟ ಹೆಸರು. ಮಿಲಾನಿನಲ್ಲಿ ಇಂಥ ಮಕ್ಕಳಿಗೆ ಕೊಲೊಂಬೊ, ರೋಮ್ ಕಡೆ ಪ್ರೊಯೆಟ್ಟಿ. ಹಾಗಾಗಿ ಹಂಚಿಕೆಯ ನಕ್ಷೆ ಒಂದೇ ಹೆಸರಿನ ಉತ್ತರದ ರೂಪ ರೊಸ್ಸಿ, ದಕ್ಷಿಣದ ರೂಪ ರುಸ್ಸೊ ಎಂದು ತಿಳಿಯಲು ಸರಿ, ನಿಮ್ಮ ಮುತ್ತಜ್ಜನ ಊರಿಗೆ ದಾರಿ ತೋರಿಸದು.

ಮೊದಲು ಮುತ್ತಜ್ಜ ಅಮೆರಿಕಕ್ಕೆ ಬಂದ ಹಡಗಿನ ಪ್ರಯಾಣಿಕರ ಪಟ್ಟಿ ಹುಡುಕಿ. 1907ರ ನಂತರದ್ದಾದರೆ ಹುಟ್ಟಿದ ಊರಿನ ಅಂಕಣವೂ ಇರುತ್ತದೆ. ಅಲ್ಲಿ 'ನಾಪೊಲಿ' (ನೇಪಲ್ಸ್) ಎಂದಿದ್ದರೆ ನಗರವೋ ಪ್ರಾಂತ್ಯವೋ ಎಂದು ಅನುಮಾನಿಸಿ, ಹಡಗು ಹತ್ತಿದ ಬಂದರೂ ಅದೇ. ಊರು ಸಿಕ್ಕ ಮೇಲೆ 'ಆಂತೆನಾತಿ' ಜಾಲತಾಣ ತೆರೆಯಿರಿ. ಉಚಿತ, ಇಟಲಿಯ ಸರ್ಕಾರಿ ದಾಖಲೆಗಳು. ನೇಪಲ್ಸ್ ಕಡೆಯ ಜನನ-ಮರಣ ನೋಂದಣಿ 1809ರಿಂದ ಶುರು, ಆದರೆ ಎಲ್ಲ ಊರಿನದೂ ಅಲ್ಲಿಗೆ ಏರಿಲ್ಲ.

ಮದುವೆಯ ದಾಖಲೆ ಸಿಕ್ಕರೆ ಅದರ ಲಗತ್ತುಗಳನ್ನು, ಅಂದರೆ 'ಅಲ್ಲೆಗಾತಿ', ಬಿಡಬೇಡಿ; ವಧುವರರ ಜನನದ ನಕಲು, ಕೆಲವೊಮ್ಮೆ ತೀರಿಹೋದ ಅಜ್ಜಂದಿರ ಮರಣದ ನಕಲೂ ಅದರಲ್ಲೇ ಇರುತ್ತವೆ. ಹೆಂಗಸರನ್ನು ತವರಿನ ಹೆಸರಿನಲ್ಲೇ ಹುಡುಕಿ.

ಹೀಗೆ ಹಿಂದೆ ಹೋಗುತ್ತಾ ತಂದೆತಾಯಿ 'ಇನ್ಯೋತಿ' (ಅಜ್ಞಾತ) ಎಂದಿರುವ ಶಿಶು ಸಿಕ್ಕಿದರೆ ಹೆಸರಿನ ಜಾಡು ಅಲ್ಲಿಗೆ ನಿಂತಿತು. ಆ ಮಗು ನೇಪಲ್ಸಿನ ಅನಾಥ ಶಿಶುಗಳ ಆಶ್ರಯವಾದ ಅನ್ನುಂತ್ಸಿಯಾತಾದ್ದೋ ಬೇರೆ ಊರಿನದೋ ಎಂಬುದು ಹೆಸರಿನಿಂದ ಗೊತ್ತಾಗದು, ಜನನದ ಪುಟದಿಂದಲೇ ತಿಳಿಯಬೇಕು. ಮೈಮೇಲಿದ್ದ ಬಟ್ಟೆ, ಗುರುತುಗಳನ್ನೂ ಅಲ್ಲಿ ಬರೆದಿರುವುದುಂಟು.