ಪಿಶಾಚಿ ಸಂಹಾರದ ಪೆಟ್ಟಿಗೆಗೆ ಹಣ ಕೊಡುವ ಮುನ್ನ

ಎಲ್ಲಾದರೂ ಇಂಥ ಪೆಟ್ಟಿಗೆಯ ಹರಾಜಿನ ಸುದ್ದಿ ಬಂದರೆ ಸಾಕು, ಪತ್ರಗಳಲ್ಲಿ ಅದೇ ಪ್ರಶ್ನೆ ಮತ್ತೆ ಶುರುವಾಗುತ್ತದೆ. ಈ ಸಲ ವಿವರವಾಗಿಯೇ ಉತ್ತರಿಸುತ್ತೇನೆ.

ಪ್ರಶ್ನೆ: ಇಂಗ್ಲೆಂಡಿನಲ್ಲಿರುವ ನನ್ನ ಅಣ್ಣ ರಕ್ತಪಿಶಾಚಿಗಳನ್ನು ಕೊಲ್ಲುವ 19ನೇ ಶತಮಾನದ ಪೆಟ್ಟಿಗೆಯೊಂದನ್ನು ಕೊಳ್ಳಲು ಹೊರಟಿದ್ದಾನೆ. ಗೂಟ, ಕೊಡತಿ, ಶಿಲುಬೆ, ಪಿಸ್ತೂಲು, ಬೆಳ್ಳಿಯ ಗುಂಡು, ಜೊತೆಗೆ ಪ್ರೊಫೆಸರ್ ಬ್ಲೋಂಬರ್ಗ್ ಎಂಬುವರ ಹೆಸರಿನ ಚೀಟಿ ಇವೆ. ಅಸಲಿಯೇ?

ಉತ್ತರ: ಅಲ್ಲ. ಪಿಸ್ತೂಲು ಹಳೆಯದಿರಬಹುದು, ಪೆಟ್ಟಿಗೆಯೂ ಹಳೆಯದಿರಬಹುದು. ಎಲ್ಲವನ್ನೂ ಒಂದೆಡೆ ಜೋಡಿಸಿದ್ದು ಮಾತ್ರ ಈಚೆಗೆ. ಲೀಡ್ಸ್‌ನ ರಾಯಲ್ ಆರ್ಮರೀಸ್ ಸಂಗ್ರಹಾಲಯ 2012ರಲ್ಲಿ ಇಂಥದೊಂದನ್ನು ಪಡೆಯಿತು. ಅಲ್ಲಿನ ಆಯುಧತಜ್ಞ ಜೊನಾಥನ್ ಫರ್ಗ್ಯುಸನ್ ಹಳೆಯ ದಾಖಲೆಗಳನ್ನು ಜಾಲಾಡಿದರೂ ವಿಕ್ಟೋರಿಯಾ ಕಾಲದಲ್ಲಿ ಇವು ಇದ್ದವೆನ್ನಲು ಸಾಕ್ಷ್ಯ ಸಿಗಲಿಲ್ಲ. ಪೆನ್ಸಿಲ್ವೇನಿಯಾದ ಮರ್ಸರ್ ಮ್ಯೂಸಿಯಂ ತನ್ನ ಪೆಟ್ಟಿಗೆಯನ್ನು ಪರೀಕ್ಷೆಗೆ ಕೊಟ್ಟಾಗ ಚೀಟಿಯ ಕಾಗದ ನೇರಳಾತೀತ ಬೆಳಕಿಗೆ ಹೊಳೆಯಿತು. ಕಾಗದಕ್ಕೆ ಆ ಹೊಳಪು ಕೊಡುವ ರಾಸಾಯನಿಕ ಬಳಕೆಗೆ ಬಂದದ್ದು 20ನೇ ಶತಮಾನದ ನಡುವಿನಲ್ಲಿ. ಆ ಪೆಟ್ಟಿಗೆಯ ‘ಬೆಳ್ಳಿ’ ಗುಂಡುಗಳು ತವರದ ಮಿಶ್ರಲೋಹದವು.

ನೋಟು ಪರೀಕ್ಷಿಸುವ ನೇರಳಾತೀತ ದೀಪವನ್ನು ಕತ್ತಲಲ್ಲಿ ಚೀಟಿಯ ಮೇಲೆ ಹಿಡಿಯಲು ಅಣ್ಣನಿಗೆ ಹೇಳಿ. ನೀಲಿಯಾಗಿ ಹೊಳೆದರೆ ಮಾತು ಮುಗಿಯಿತು. ಹೊಳೆಯದಿದ್ದರೂ ನಂಬಬೇಡಿ, ಹಳೆಯ ಪುಸ್ತಕದ ಖಾಲಿ ಹಾಳೆಯ ಮೇಲೆ ಅಚ್ಚು ಹಾಕುವುದು ಕಷ್ಟವಲ್ಲ. ಆಮೇಲೆ ಪಿಸ್ತೂಲನ್ನು ಎತ್ತಿ ಕೆಳಗಿನ ಮಖಮಲ್ಲನ್ನು ನೋಡಲಿ. ನೂರು ವರ್ಷ ಕಬ್ಬಿಣ ಕೂತ ಜಾಗದಲ್ಲಿ ಬಟ್ಟೆಯ ಜುಂಗು ಒತ್ತಿ ಚಪ್ಪಟೆಯಾಗಿರಬೇಕು, ತುಕ್ಕು ಮತ್ತು ಎಣ್ಣೆಯ ಕಲೆ ಇಳಿದಿರಬೇಕು. ಹೊಸದಾಗಿ ಅಂಟಿಸಿದ ಮಖಮಲ್ಲು ಎಲ್ಲ ಕಡೆಯೂ ಒಂದೇ ಸಮನಾಗಿರುತ್ತದೆ.

ಹಣ ಹೋಗುವುದಕ್ಕಿಂತ ನನ್ನನ್ನು ಕೆರಳಿಸುವುದು ಬೇರೆ: ಈ ಪೆಟ್ಟಿಗೆಗಳು ನಿಜವಾದ ಚರಿತ್ರೆಯನ್ನು ಮುಚ್ಚಿಹಾಕುತ್ತವೆ. ನಿಜವಾದ ಉಪಕರಣಗಳು ಹೊಲದಲ್ಲಿ, ಕೊಟ್ಟಿಗೆಯಲ್ಲಿ ಇದ್ದವು. 1725ರಲ್ಲಿ ಸರ್ಬಿಯಾದ ಕಿಸಿಲ್ಯೆವೊ ಹಳ್ಳಿಯಲ್ಲಿ ಎಂಟು ದಿನಗಳೊಳಗೆ ಒಂಬತ್ತು ಮಂದಿ ಸತ್ತರು. ಮೊದಲೇ ಸತ್ತಿದ್ದ ಪೀಟರ್ ಬ್ಲಾಗೊಯೆವಿಚ್‌ನೇ ಬಂದು ಕತ್ತು ಹಿಸುಕಿದನೆಂದು ಸಾಯುವವರು ಹೇಳಿದರಂತೆ. ಜನ ಗೋರಿ ಅಗೆದರು, ಗೂಟವೊಂದನ್ನು ಚೂಪು ಮಾಡಿ ಎದೆಗೆ ಹೊಡೆದರು, ಹೆಣವನ್ನು ಸುಟ್ಟರು. ಆಗ ಅಲ್ಲಿ ಆಳುತ್ತಿದ್ದ ಆಸ್ಟ್ರಿಯಾದ ಅಧಿಕಾರಿಯ ವರದಿಯಲ್ಲಿ ಇದೆಲ್ಲ ಇದೆ. ಬಾಯಲ್ಲಿ ಕಂಡ ರಕ್ತ, ಉಬ್ಬಿದ ದೇಹ, ಚರ್ಮ ಸುಲಿದ ಕಡೆ ‘ಹೊಸ’ ಚರ್ಮ, ಇವೆಲ್ಲ ಹೆಣ ಕೊಳೆಯುವಾಗ ಸಹಜವಾಗಿ ಕಾಣುವಂಥವು. ಪೋಲೆಂಡಿನ ಪಿಯೆನ್‌ನಲ್ಲಿ 2022ರಲ್ಲಿ ಸಿಕ್ಕ 17ನೇ ಶತಮಾನದ ಹೆಂಗಸಿನ ಅಸ್ಥಿಪಂಜರದ ಕತ್ತಿನ ಮೇಲೆ ಕುಡುಗೋಲು, ಕಾಲ್ಬೆರಳಿಗೆ ಬೀಗ. ಎದ್ದರೆ ಕತ್ತು ಕೊಯ್ಯಬೇಕು ಎಂಬಂತೆ ಕುಡುಗೋಲನ್ನು ಇಟ್ಟಿದ್ದರು. ಆ ಭಯವನ್ನು ನೋಡಬೇಕೆನ್ನುವವರು ಇಂಥ ಗೋರಿಗಳ ಬಗ್ಗೆ ಓದಲಿ.

ಪ್ರಶ್ನೆ: ಭಾರತದಲ್ಲಿ ಗವರ್ನರ್ ಆಗಿದ್ದ ಲಾರ್ಡ್ ಹೇಲಿ ಅವರದೆನ್ನಲಾದ ಪೆಟ್ಟಿಗೆ 2022ರಲ್ಲಿ 13,000 ಪೌಂಡಿಗೆ ಹೋಯಿತಲ್ಲ?

ಉತ್ತರ: ಬೆಲೆಯಿಂದ ವಯಸ್ಸು ತಿಳಿಯುವುದಿಲ್ಲ, ಮಾಲೀಕರ ಹೆಸರಿನಿಂದಲೂ ತಿಳಿಯುವುದಿಲ್ಲ.

ಪ್ರಶ್ನೆ: ಬೆಳ್ಳಿಯ ಗುಂಡು ನಿಜವಾಗಿ ಬಳಸುತ್ತಿದ್ದರೇ?

ಉತ್ತರ: ಆ ಬಡ ರೈತರು ಬೆಳ್ಳಿ ಎಲ್ಲಿಂದ ತರಬೇಕಿತ್ತು? ಗೂಟ, ಕೊಡಲಿ, ಬೆಂಕಿ. ಅಷ್ಟೇ.

ಪ್ರಶ್ನೆ: ತಂಗಿ ಎರಡು ತಿಂಗಳಿಂದ ಕೆಮ್ಮುತ್ತ ಸೊರಗುತ್ತಿದ್ದಾಳೆ. ರಕ್ತ ಹೀರುವ ಪ್ರೇತದ ಕಾಟ, ಗೋರಿಗೆ ಮೊಳೆ ಹೊಡೆಯಬೇಕು ಎಂದು ಮಂತ್ರವಾದಿಯೊಬ್ಬರು ಹಣ ಕೇಳುತ್ತಿದ್ದಾರೆ.

ಉತ್ತರ: ಒಂದು ರೂಪಾಯಿಯನ್ನೂ ಕೊಡಬೇಡಿ. 1892ರಲ್ಲಿ ಅಮೆರಿಕದ ರೋಡ್ ಐಲೆಂಡಿನಲ್ಲಿ ಮರ್ಸಿ ಬ್ರೌನ್ ಎಂಬ ಹುಡುಗಿಯ ಹೆಣವನ್ನು ಹೊರತೆಗೆದು, ಹೃದಯವನ್ನು ಸುಟ್ಟು, ಬೂದಿಯನ್ನು ನೀರಲ್ಲಿ ಕಲಸಿ ಕಾಯಿಲೆ ಬಿದ್ದಿದ್ದ ಅವಳ ಅಣ್ಣನಿಗೆ ಕುಡಿಸಿದರು. ಅವನು ಎರಡು ತಿಂಗಳೊಳಗೆ ಸತ್ತ. ಆ ಮನೆಯನ್ನು ತಿಂದದ್ದು ಕ್ಷಯ. ಅದರ ರೋಗಾಣುವನ್ನು ಜರ್ಮನಿಯ ವೈದ್ಯ ರಾಬರ್ಟ್ ಕಾಖ್ ಹತ್ತು ವರ್ಷ ಮೊದಲೇ ಗುರುತಿಸಿದ್ದರು. ನಾಳೆಯೇ ತಂಗಿಯನ್ನು ಸರ್ಕಾರಿ ಆಸ್ಪತ್ರೆಗೆ ಕರೆದೊಯ್ದು ಕಫ ಪರೀಕ್ಷೆ ಮಾಡಿಸಿ. ಪರೀಕ್ಷೆಯೂ ಉಚಿತ, ಕ್ಷಯವಾಗಿದ್ದರೆ ಔಷಧಿಯೂ ಉಚಿತ.