ಓದುಗರ ಪ್ರಶ್ನೆ: ಮ್ಯಾಕ್‌ಬೆತ್‌ನ ಮಾಟಗಾತಿಯರನ್ನು ಏನು ಮಾಡೋಣ?

ಪ್ರಶ್ನೆ: ಸರ್, ನಾವು ಹಾನಗಲ್ ಕಡೆಯ ಒಂದು ಹವ್ಯಾಸಿ ನಾಟಕ ತಂಡದವರು. ಈ ಸಲ ಜಾತ್ರೆಗೆ ಶೇಕ್ಸ್‌ಪಿಯರ್‌ನ 'ಮ್ಯಾಕ್‌ಬೆತ್' ಆಡಬೇಕು ಅಂತ ಇದ್ದೇವೆ. ತಯಾರಿಗೆ ಒಬ್ಬೊಬ್ಬರು ಒಂದೊಂದು ಸಿನಿಮಾ ನೋಡಿ ಬಂದರು. ಒಂದರಲ್ಲಿ ಮೂವರು ಮಾಟಗಾತಿಯರು, ಒಂದರಲ್ಲಿ ಒಂದೇ ಒಂದು ಮುದಿ ಪ್ರೇತ, ಇನ್ನೊಂದರಲ್ಲಿ ಇಬ್ಬರು ಪೊಲೀಸರು! ಯಾವುದು ಸರಿ ಅಂತ ತಾಲೀಮಿನಲ್ಲಿ ದಿನಾ ಜಗಳ. ಕೆಲವರು ದೊಡ್ಡಾಟದ ರೀತಿ ಮಾಡೋಣ ಅಂತಾರೆ. ದಾರಿ ತೋರಿಸಿ.

ಉತ್ತರ: ಜಗಳ ನಡೆಯಲಿ. ನಿಮ್ಮ ತಂಡ ಸರಿಯಾದ ಜಾಗ ಹಿಡಿದೇ ಜಗಳ ಆಡುತ್ತಿದೆ. ಈ ನಾಟಕದ ಯಾವ ಪ್ರಯೋಗ ನೋಡಿದರೂ ನಾನು ಮೊದಲು ಗಮನಿಸುವುದು ಮಾಟಗಾತಿಯರನ್ನು. ಅವರನ್ನು ನಿರ್ದೇಶಕ ಏನು ಮಾಡಿದ ಅನ್ನುವುದರಲ್ಲೇ ಅವನ ಇಡೀ ತೀರ್ಮಾನ ಇರುತ್ತದೆ.

ಕಥೆ ಗೊತ್ತಿಲ್ಲದವರಿಗೆ ಎರಡು ಮಾತು. ಮ್ಯಾಕ್‌ಬೆತ್ ಸ್ಕಾಟ್ಲೆಂಡಿನ ಸೇನಾಪತಿ. ಯುದ್ಧ ಗೆದ್ದು ಬರುವಾಗ ಮೂವರು ಮಾಟಗಾತಿಯರು ಎದುರಾಗಿ, ನೀನು ರಾಜನಾಗುತ್ತೀಯ ಅನ್ನುತ್ತಾರೆ. ಹೆಂಡತಿ ಹುರಿದುಂಬಿಸುತ್ತಾಳೆ. ತನ್ನ ಮನೆಗೆ ಅತಿಥಿಯಾಗಿ ಬಂದ ರಾಜ ಡಂಕನ್‌ನನ್ನು ಅವನು ಮಲಗಿದಲ್ಲೇ ಕೊಲ್ಲುತ್ತಾನೆ. ಆಮೇಲೆ ಗೆಳೆಯ ಬ್ಯಾಂಕೋನನ್ನು ಕೊಲ್ಲಿಸುತ್ತಾನೆ. ಕೊಲೆ ಮೇಲೆ ಕೊಲೆ. ಕಾಡು ನಡೆದು ಬರುವ ತನಕ ನಿನಗೆ ಸೋಲಿಲ್ಲ ಅಂದಿರುತ್ತಾರೆ ಮಾಟಗಾತಿಯರು. ಕೊನೆಗೆ ಸೈನಿಕರು ಟೊಂಗೆ ಹಿಡಿದು ಬರುತ್ತಾರೆ, ಕಾಡೇ ನಡೆದು ಬಂದಂತಾಗುತ್ತದೆ. ಹೆಂಡತಿ ಮಕ್ಕಳನ್ನು ಇವನಿಂದ ಕಳೆದುಕೊಂಡಿದ್ದ ಸರದಾರ ಮ್ಯಾಕ್‌ಡಫ್ ಅವನ ತಲೆ ತೆಗೆಯುತ್ತಾನೆ.

'ಸರಿಯಾದ' ಮಾಟಗಾತಿಯರು ಅಂತ ಇಲ್ಲವೇ ಇಲ್ಲ. ಶೇಕ್ಸ್‌ಪಿಯರ್ ಈ ಕಥೆ ತೆಗೆದುಕೊಂಡದ್ದು ಹಾಲಿನ್‌ಶೆಡ್ ಎಂಬಾತನ ಇತಿಹಾಸದಿಂದ. ಅದರ 1577ರ ಮುದ್ರಣದ ಚಿತ್ರದಲ್ಲಿ ಆ ಮೂವರು ಒಳ್ಳೆಯ ಬಟ್ಟೆ ಉಟ್ಟ ದೊಡ್ಡ ಮನೆತನದ ಹೆಂಗಸರ ಹಾಗೆ ನಿಂತಿದ್ದಾರೆ. ಅವರಿಗೆ ಬತ್ತಿದ ಮೈ, ಗಡ್ಡ ಕೊಟ್ಟದ್ದು ಶೇಕ್ಸ್‌ಪಿಯರ್. ನಾಟಕ ಬರೆದ ಸುಮಾರು 1606ರ ಹೊತ್ತಿಗೆ ಸಿಂಹಾಸನದ ಮೇಲಿದ್ದ ಜೇಮ್ಸ್ ದೊರೆ ಮಾಟಗಾತಿಯರ ಬಗ್ಗೆ ಸ್ವತಃ ಪುಸ್ತಕ ಬರೆದವನು. ಅಂದರೆ ಮೂಲದವನೇ ತನ್ನ ಕಾಲದ ಜನರಿಗೆ ಬೇಕಾದ ಹಾಗೆ ಬದಲಿಸಿದ. ನೀವು ಬದಲಿಸಿದರೆ ತಪ್ಪೇನು? ತಪ್ಪು ಆಗುವುದು ಒಂದೇ ಕಾರಣಕ್ಕೆ: ಒಂದು ಕಡೆ ಬದಲಿಸಿ, ಅದರ ಪರಿಣಾಮವನ್ನು ಕೊನೆಯ ದೃಶ್ಯದವರೆಗೆ ಒಯ್ಯದೆ ಬಿಟ್ಟರೆ.

ಜಪಾನಿನ ನಿರ್ದೇಶಕ ಅಕಿರ ಕುರೋಸಾವಾ ಇದೇ ಕಥೆಯನ್ನು ತನ್ನ ನಾಡಿಗೆ ತಂದು 1957ರಲ್ಲಿ ಮಾಡಿದ 'ಥ್ರೋನ್ ಆಫ್ ಬ್ಲಡ್' ನೋಡಿ. ನಿಮ್ಮವರು ಹೇಳಿದ ಮುದಿ ಪ್ರೇತ ಇದರದ್ದೇ ಇರಬೇಕು. ಕಾಡಿನೊಳಗಿನ ಒಂದು ಗುಡಿಸಲಲ್ಲಿ ಅದು ರಾಟೆ ತಿರುಗಿಸುತ್ತಾ ಮನುಷ್ಯರ ಆಸೆಯ ಬಗ್ಗೆ ಹಾಡುತ್ತದೆ. ಹತ್ತಿರದಲ್ಲೇ ಸತ್ತವರ ಎಲುಬಿನ ರಾಶಿ. ಅದು ಯಾರನ್ನೂ ಕೆಣಕುವುದಿಲ್ಲ, ಆಸೆ ತೋರಿಸುವುದಿಲ್ಲ. ರಾಟೆ ಮೊದಲಿನಿಂದಲೂ ತಿರುಗುತ್ತಿದೆ, ಈಗ ಈ ಸೇನಾಪತಿಯ ಸರದಿ ಬಂದಿದೆ, ಅಷ್ಟೇ. ಹೀಗೆ ಶುರು ಮಾಡಿದ ಮೇಲೆ, ಒಬ್ಬ ವೀರ ಬಂದು ಸೇಡು ತೀರಿಸಿಕೊಂಡ ಅಂತ ಮುಗಿಸಲು ಆಗುವುದಿಲ್ಲ. ಅದಕ್ಕೇ ಕುರೋಸಾವಾ ಕೊನೆಯ ಕತ್ತಿ ಕಾಳಗವನ್ನೇ ತೆಗೆದುಹಾಕಿದ. ಅವನ ಸೇನಾಪತಿ ಸಾಯುವುದು ತನ್ನದೇ ಸೈನಿಕರ ಬಾಣಗಳಿಂದ. ಆ ದೃಶ್ಯಕ್ಕೆ ನಿಜವಾದ ಬಿಲ್ಲುಗಾರರಿಂದ ನಿಜವಾದ ಬಾಣಗಳನ್ನೇ ಬಿಡಿಸಿದ್ದರು. ನಟ ತೊಶಿರೊ ಮಿಫುನೆಯ ಮುಖದಲ್ಲಿ ಕಾಣುವ ಹೆದರಿಕೆ ನೋಡಿದವರು ಮರೆಯುವುದಿಲ್ಲ. ಮೂಲದ ಹೆಸರಾಂತ ಸ್ವಗತಗಳು ಒಂದೂ ಇಲ್ಲ. ಆದರೂ ನನ್ನ ಮಟ್ಟಿಗೆ ತೆರೆಯ ಮೇಲಿನ ಮ್ಯಾಕ್‌ಬೆತ್‌ಗಳಲ್ಲಿ ಇದನ್ನು ಮೀರಿಸಿದ್ದು ಇಲ್ಲ.

ಇಬ್ಬರು ಪೊಲೀಸರು ಬರುವುದು ಕಥೆಯನ್ನು ಮುಂಬೈಯ ಭೂಗತ ಲೋಕಕ್ಕೆ ತಂದ ವಿಶಾಲ್ ಭಾರದ್ವಾಜ್ ಅವರ ಹಿಂದಿ ಚಿತ್ರ 'ಮಕ್ಬೂಲ್'ನಲ್ಲಿ (2003). ಓಂ ಪುರಿ, ನಾಸಿರುದ್ದೀನ್ ಷಾ ಮಾಡಿದ ಪಂಡಿತ್ ಮತ್ತು ಪುರೋಹಿತ್. ಕುಂಡಲಿ ಬರೆಯುತ್ತಾರೆ, ಭವಿಷ್ಯ ಹೇಳುತ್ತಾರೆ. ಅಷ್ಟಕ್ಕೇ ಸುಮ್ನೆ ಇರುವುದಿಲ್ಲ, ಆ ಭವಿಷ್ಯ ನಿಜವಾಗುವ ಹಾಗೆ ಕೈಯೂ ಆಡಿಸುತ್ತಾರೆ. ಮುಂಬೈಯ ಯಾವ ಗ್ಯಾಂಗೂ ಜಾಸ್ತಿ ಬಲಿಯಬಾರದು ಅನ್ನುವುದು ಅವರ ಲೆಕ್ಕ. ಇಲ್ಲಿ ವಿಧಿ ಅಂದರೆ ವ್ಯವಸ್ಥೆ. ಇದರ ಜೊತೆಗೆ ಭಾರದ್ವಾಜ್ ಇನ್ನೊಂದು ಬದಲಾವಣೆ ಮಾಡಿದರು. ಟಬು ಮಾಡಿದ ನಿಮ್ಮಿ ಇಲ್ಲಿ ಮಕ್ಬೂಲನ ಹೆಂಡತಿಯಲ್ಲ, ಅವನ ಯಜಮಾನ ಅಬ್ಬಾಜಿ ಇಟ್ಟುಕೊಂಡವಳು. ಆಗ ಕೊಲೆಗೆ ಅಧಿಕಾರದ ಆಸೆಯ ಜೊತೆ ಪ್ರೀತಿಯೂ ಕಾರಣವಾಯಿತು. ಹುಟ್ಟುವ ಮಗು ಯಾರದು ಅನ್ನುವ ಪ್ರಶ್ನೆ ಎದ್ದಿತು. ಆ ಪ್ರಶ್ನೆಯೇ ಕೊನೆಯ ದೃಶ್ಯವನ್ನು ಕಟ್ಟುತ್ತದೆ. ವೈರಿಗಳ ಕಡೆಯವರೇ ಆ ಕೂಸನ್ನು ಎತ್ತಿಕೊಂಡದ್ದನ್ನು ಕಂಡು ಮಕ್ಬೂಲ್ ಪಿಸ್ತೂಲು ಕೆಳಗೆ ಬಿಡುತ್ತಾನೆ. ಶೇಕ್ಸ್‌ಪಿಯರ್‌ನ ಮ್ಯಾಕ್‌ಬೆತ್ ಕೊನೆಯವರೆಗೂ ಕತ್ತಿ ಬಿಡಲಿಲ್ಲ. ಇವನು ಬಿಟ್ಟ. ಅದನ್ನು ನಾವು ನಂಬುತ್ತೇವೆ, ಯಾಕೆಂದರೆ ಅಲ್ಲಿಗೆ ತಲುಪುವ ದಾರಿಯನ್ನು ನಿರ್ದೇಶಕ ಮೊದಲೇ ಹಾಕಿದ್ದಾರೆ.

ಉಳಿದವನ್ನು ಬೇಗ ಹೇಳುತ್ತೇನೆ. ಪೊಲಾನ್‌ಸ್ಕಿಯ 1971ರ ಚಿತ್ರದಲ್ಲಿ ಎಲ್ಲ ಮುಗಿದ ಮೇಲೆ ಹೊಸ ರಾಜನ ತಮ್ಮ ಮಾಟಗಾತಿಯರ ಜಾಗ ಹುಡುಕಿಕೊಂಡು ಹೋಗುತ್ತಾನೆ. ಇದು ಮೂಲದಲ್ಲಿ ಇಲ್ಲ. ರೋಗ ಇನ್ನೂ ಇದೆ ಅಂತ ಅದರ ಅರ್ಥ. ಜೋಯೆಲ್ ಕೋಯೆನ್ 2021ರಲ್ಲಿ ಕ್ಯಾಥ್ರಿನ್ ಹಂಟರ್ ಎಂಬ ಒಬ್ಬಳೇ ನಟಿಯ ಕೈಲಿ ಮೂರೂ ಪಾತ್ರ ಮಾಡಿಸಿದ. ನೀರಿನ ಮುಂದೆ ನಿಂತವಳು ಒಬ್ಬಳು, ನೀರಿನಲ್ಲಿ ಕಾಣುವವರು ಇನ್ನಿಬ್ಬರು. ಅದೇ ವರ್ಷದ ಮಲಯಾಳಂ 'ಜೋಜಿ'ಯಲ್ಲಿ ಮಾಟಗಾತಿಯರೇ ಇಲ್ಲ. ಹೀಗಾಗಿ ತಪ್ಪು ಹೊರಿಸಲು ಜೋಜಿಗೆ ದೆವ್ವವೂ ಸಿಗುವುದಿಲ್ಲ, ವಿಧಿಯೂ ಸಿಗುವುದಿಲ್ಲ.

ಈಗ ನಿಮ್ಮ ದೊಡ್ಡಾಟದ ವಿಷಯ. ಬಿ.ವಿ. ಕಾರಂತರು 1979ರಲ್ಲಿ ರಾಷ್ಟ್ರೀಯ ನಾಟಕ ಶಾಲೆಯ ರೆಪರ್ಟರಿ ತಂಡಕ್ಕೆ ಇದೇ ನಾಟಕವನ್ನು ಹಿಂದಿಯಲ್ಲಿ 'ಬರ್ನಂ ವನ' ಎಂಬ ಹೆಸರಿನಲ್ಲಿ ಮಾಡಿಸಿದಾಗ ಯಕ್ಷಗಾನದ ಚಲನೆಯನ್ನು ಬಳಸಿದ್ದರು. ಹಾಗಾಗಿ ನಿಮ್ಮ ಆಲೋಚನೆಗೆ ದೊಡ್ಡವರ ದಾರಿಯೇ ಇದೆ. ಆದರೆ ಕಿರೀಟ, ಭುಜಕೀರ್ತಿ ಕಟ್ಟಿದ ಮಾತ್ರಕ್ಕೆ ಅದು ನಿಮ್ಮ ನಾಟಕ ಆಗುವುದಿಲ್ಲ. ದೊಡ್ಡಾಟದ ಯಾವ ಪದ್ಧತಿ ಈ ಕಥೆಯ ಒಳಗೆ ಕೂರುತ್ತದೆ ಅಂತ ಹುಡುಕಿ.

ನನಗೆ ಕಾಣುವುದು ಸಾರಥಿ. ದೊಡ್ಡಾಟದಲ್ಲಿ ಪಾತ್ರ ರಂಗಕ್ಕೆ ಬಂದ ಕೂಡಲೇ ಸಾರಥಿ ಕೇಳುತ್ತಾನಲ್ವಾ, ತಾವು ಯಾರು, ಬಂದ ಕಾರಣವೇನು ಅಂತ? ಪಾತ್ರ ತನ್ನ ಹೆಸರು, ಬಿರುದು ಹೇಳಿಕೊಳ್ಳುತ್ತದೆ. ಈಗ ಮ್ಯಾಕ್‌ಬೆತ್‌ನ ಮೊದಲ ಅಂಕ ಓದಿ. ಮಾಟಗಾತಿಯರು ಅವನನ್ನು ಮೂರು ಬಿರುದುಗಳಿಂದ ಕರೆಯುತ್ತಾರೆ: ಗ್ಲಾಮಿಸ್‌ನ ಒಡೆಯ, ಕಾಡರ್‌ನ ಒಡೆಯ, ಮುಂದೆ ರಾಜ. ಸಾರಥಿ ಪ್ರಶ್ನೆ ಕೇಳಲಿ. ಮ್ಯಾಕ್‌ಬೆತ್ ಬಾಯಿ ತೆರೆಯುವ ಮೊದಲೇ ಹಿಮ್ಮೇಳದವರು ಉತ್ತರ ಕೊಟ್ಟುಬಿಡಲಿ. ಅವರೇ ನಿಮ್ಮ ಮಾಟಗಾತಿಯರು. ಬೇರೆ ವೇಷವೇ ಬೇಡ. ಡಂಕನ್‌ನ ಕೊಲೆ ಆದ ಮೇಲೆ ಮ್ಯಾಕ್‌ಬೆತ್, ನಾನು ಮಾಡಿದ್ದನ್ನು ಅರಿಯುವುದಕ್ಕಿಂತ ನನ್ನನ್ನೇ ಅರಿಯದಿರುವುದು ವಾಸಿ ಅಂತ ಹೇಳುತ್ತಾನೆ. ಆಗ ಸಾರಥಿ ಮತ್ತೆ ಅದೇ ಪ್ರಶ್ನೆ ಕೇಳಲಿ, ಇವನಿಗೆ ಉತ್ತರ ಹೊರಡದಿರಲಿ. ಐದನೇ ಅಂಕದಲ್ಲಿ ಯುದ್ಧದ ನಡುವೆ ಒಬ್ಬ ಹುಡುಗ, ಕಿರಿಯ ಸೀವರ್ಡ್, ನಿನ್ನ ಹೆಸರೇನು ಅಂತ ಕೇಳುತ್ತಾನೆ. ಕೇಳಿದರೆ ಹೆದರುತ್ತೀಯ ಅನ್ನುತ್ತಾನೆ ಮ್ಯಾಕ್‌ಬೆತ್. ನೋಡಿ, ಸಾರಥಿಯ ಪ್ರಶ್ನೆ ಮೂಲದಲ್ಲೇ ಕೂತಿದೆ! ಕೊಲೆಯ ನಂತರ ಬಾಗಿಲು ತೆರೆಯಲು ಬರುವ ಕುಡುಕ ಕಾವಲುಗಾರನ ಹಾಸ್ಯವನ್ನೂ ಸಾರಥಿಗೇ ಕೊಡಬಹುದು.

ಹೀಗೆ ಮಾಡಿದರೆ ಕೊನೆಯಲ್ಲಿ ಹೊಸ ರಾಜ ಮಾಲ್ಕಮ್ ಬಂದಾಗ ಹಿಮ್ಮೇಳ ಏನು ಮಾಡುತ್ತದೆ ಅನ್ನುವುದನ್ನು ನೀವು ತೀರ್ಮಾನಿಸಲೇಬೇಕು. ಅವನಿಗೂ ಬಿರುದು ಹಾಡುತ್ತದೋ, ಸುಮ್ಮನಾಗುತ್ತದೋ? ನಿಮ್ಮ ಜಗಳವನ್ನು ಆ ಪ್ರಶ್ನೆಗೆ ತಿರುಗಿಸಿ.

ಪ್ರಶ್ನೆ: ಲೇಡಿ ಮ್ಯಾಕ್‌ಬೆತ್ ಬರೀ ಕೆಟ್ಟವಳೇ? ನಮ್ಮ ತರಗತಿಯಲ್ಲಿ ಹಾಗೇ ಹೇಳಿಕೊಟ್ಟರು. (ಧಾರವಾಡದ ಎಂ.ಎ. ವಿದ್ಯಾರ್ಥಿನಿ)

ಉತ್ತರ: ಹಾಗೆ ಒಪ್ಪದ ನಟಿಯರು ಬಹಳ ಹಿಂದಿನಿಂದ ಇದ್ದಾರೆ. 1785ರಲ್ಲಿ ಲಂಡನ್ನಿನ ಡ್ರೂರಿ ಲೇನ್ ರಂಗಮಂದಿರದಲ್ಲಿ ಸಾರಾ ಸಿಡನ್ಸ್ ಈ ಪಾತ್ರ ಮಾಡಿದಳು. ನಿದ್ದೆಯಲ್ಲಿ ನಡೆಯುವ ದೃಶ್ಯದಲ್ಲಿ ದೀಪ ಕೈಯಲ್ಲೇ ಇರಬೇಕು ಅನ್ನುವುದು ಆಗಿನ ರೂಢಿ. ಇವಳು ದೀಪ ಕೆಳಗಿಟ್ಟು, ಕೊಲೆಯ ರಕ್ತ ತೊಳೆಯುವಂತೆ ಎರಡೂ ಕೈ ಉಜ್ಜಿದಳು. ಬೇಡ ಅಂದವರಿದ್ದರು, ಕೇಳಲಿಲ್ಲ. ಅಷ್ಟರಿಂದ ಅವಳ ಸಂಕಟ ಜನರಿಗೆ ಕಂಡಿತು. 1888ರಲ್ಲಿ ಎಲೆನ್ ಟೆರ್ರಿ ಗಂಡನನ್ನು ತುಂಬಾ ಪ್ರೀತಿಸುವ ಹೆಂಡತಿಯಾಗಿ ಬಂದಳು. ಹಸಿರು ಜೀರುಂಡೆಯ ರೆಕ್ಕೆಗಳನ್ನು ಹೊಲಿದ ಅವಳ ಉಡುಪು ಆಗ ದೊಡ್ಡ ಸುದ್ದಿ. ಮರುವರ್ಷ ಚಿತ್ರಕಾರ ಸಾರ್ಜೆಂಟ್ ಅದೇ ಉಡುಪಿನಲ್ಲಿ ಅವಳನ್ನು ಬರೆದ. ಚಿತ್ರದಲ್ಲಿ ಅವಳು ಕಿರೀಟವನ್ನು ಎರಡೂ ಕೈಯಿಂದ ತನ್ನ ತಲೆಯ ಮೇಲೆ ಎತ್ತಿ ಹಿಡಿದಿದ್ದಾಳೆ. ನಾಟಕದಲ್ಲಿ ಇಂಥ ದೃಶ್ಯವೇ ಇಲ್ಲ! ನಟಿ ಪ್ರೀತಿಯನ್ನು ಹಿಡಿದಳು, ಚಿತ್ರಕಾರ ಆಸೆಯನ್ನು ಹಿಡಿದ. ಒಂದೇ ಉಡುಪು, ಒಂದೇ ಮುಖ, ಎರಡು ಓದು. ನಿಮ್ಮ ಪ್ರಬಂಧಕ್ಕೆ ಇದೊಂದೇ ಸಾಕಾಗಬಹುದು.

ಪ್ರಶ್ನೆ: ಕನ್ನಡದಲ್ಲಿ ಓದಲು ಏನು ಸಿಗುತ್ತದೆ? (ಗದಗದ ನಿವೃತ್ತ ಶಿಕ್ಷಕರು)

ಉತ್ತರ: ಡಿ.ವಿ. ಗುಂಡಪ್ಪನವರ 'ಮ್ಯಾಕ್‌ಬೆತ್' ಇದೆ, 1936ರದ್ದು. ಮೂಲದ ಜೊತೆ ಇಟ್ಟುಕೊಂಡು ಸಾಲು ಸಾಲಾಗಿ ಓದಲು ಒಳ್ಳೆಯದು. ಆಡಲು ಬೇಕು ಅಂದರೆ ಎಚ್.ಎಸ್. ಶಿವಪ್ರಕಾಶರ 'ಮಾರನಾಯಕ' ಹಿಡಿಯಿರಿ. ಅದು ಕಥೆಯನ್ನು ನಮ್ಮ ನೆಲಕ್ಕೆ ತಂದು ಕಟ್ಟಿದ ನಾಟಕ. ಎರಡನ್ನೂ ಓದುವುದಾದರೆ ಡಿ.ವಿ.ಜಿ. ಅವರದ್ದನ್ನು ಮೊದಲು ಮುಗಿಸಿ. ಶಿವಪ್ರಕಾಶರು ಎಲ್ಲಿ ದಾರಿ ಬದಲಿಸಿದರು ಅನ್ನುವುದು ಆಗ ನಿಮಗೇ ತಿಳಿಯುತ್ತದೆ.