ಕೊಟ್ಟಿಗೆ ಗೋಡೆಯ ನೀಲಿ ಚುಕ್ಕೆ ಜೇನನ್ನು ಕೊಲ್ಲಬೇಡಿ

ಅಕ್ಕಾ, ಫೋಟೋ ನೋಡಿದೆ. ಕೊಟ್ಟಿಗೆಯ ಮಣ್ಣುಗೋಡೆಯಲ್ಲಿ ಗೂಡು ಮಾಡಿರುವುದು ನೀಲಿ ಪಟ್ಟೆ ಜೇನು. ಅದರ ತೂತುಗಳಿಗೆ ನುಗ್ಗುತ್ತಿರುವ, ಕಪ್ಪು ಮೈಮೇಲೆ ನೀಲಿ ಚುಕ್ಕೆ ಇರುವುದು ಥೈರಿಯಸ್ ಎಂಬ ಪರಾವಲಂಬಿ ಜೇನು. "ಕಳ್ಳ ಜೇನು, ಹೊಡೆದು ಹಾಕಲಾ?" ಎಂದು ಕೇಳಿದ್ದೀರಿ. ದಯವಿಟ್ಟು ಬೇಡ.

ಇದು ಗೂಡು ಕಟ್ಟುವುದಿಲ್ಲ, ಮರಿಗೆಂದು ಪರಾಗ ಕೂಡಿಡುವುದಿಲ್ಲ. ಕಾಗೆ ಗೂಡಲ್ಲಿ ಕೋಗಿಲೆ ಮೊಟ್ಟೆ ಇಟ್ಟ ಹಾಗೆ, ಮನೆಯವಳು ಹೊರಗೆ ಹೋದಾಗ ಒಳಹೊಕ್ಕು ಮೊಟ್ಟೆ ಇಡುತ್ತದೆ. ಇದರ ಮರಿ ಆ ಮನೆಯ ಮರಿಯನ್ನು ಕೊಂದು, ಕೂಡಿಟ್ಟ ಪರಾಗ ತಿಂದು ಬೆಳೆಯುತ್ತದೆ. ಕ್ರೂರ ಅನ್ನಿಸುತ್ತೆ, ಅಲ್ವಾ? ಆದರೆ ನೀಲಿ ಪಟ್ಟೆ ಜೇನು ಸಾಕಷ್ಟಿರುವ ಕಡೆ ಮಾತ್ರ ಇದು ಬದುಕಬಲ್ಲದು. ನಿಮ್ಮ ಗೋಡೆಯಲ್ಲಿ ಇದೆ ಎಂದರೆ ಆತಿಥೇಯ ಜೇನು ಚೆನ್ನಾಗಿದೆ ಎಂದರ್ಥ.

ಹೀಗೆ ಇನ್ನೊಂದನ್ನು ನಂಬಿ ಬದುಕುವ ಜೇನಿಗೆ ಏನಾಗುತ್ತದೆ ಎನ್ನುವುದಕ್ಕೆ ಉತ್ತರ ಅಮೆರಿಕದ 'ಸಕ್ಲೀಸ್ ಕಕೂ ಬಂಬಲ್ ಬೀ' ನೋಡಿ. ಬಂಬಲ್ ಬೀ ಎಂದರೆ ಮೈತುಂಬ ರೋಮವಿರುವ ದಪ್ಪ ಜೇನು. ಈ ಸಕ್ಲೀಸ್ ಜೇನಿಗೆ ಕೆಲಸಗಾರ ಜೇನುಗಳೇ ಇಲ್ಲ, ಕಾಲಲ್ಲಿ ಪರಾಗದ ಬುಟ್ಟಿಯೂ ಇಲ್ಲ. ಮುಖ್ಯವಾಗಿ 'ವೆಸ್ಟರ್ನ್ ಬಂಬಲ್ ಬೀ' ಗೂಡಿಗೆ ನುಗ್ಗಿ, ರಾಣಿಯನ್ನು ಕೊಂದು ಅಥವಾ ಹತೋಟಿಯಲ್ಲಿಟ್ಟು, ಅಲ್ಲಿನ ಕೆಲಸಗಾರರಿಂದ ತನ್ನ ಮರಿ ಸಾಕಿಸುತ್ತದೆ. 1990ರ ದಶಕದಲ್ಲಿ ಆ ಆತಿಥೇಯ ಜೇನೇ ಕುಸಿಯತೊಡಗಿತು. ಹಸಿರುಮನೆ ಟೊಮೆಟೊಗೆಂದು ಸಾಕಿದ ಬಂಬಲ್ ಬೀಗಳಿಂದ ನೊಸೀಮಾದಂಥ ರೋಗ ಕಾಡಿನವಕ್ಕೂ ಹರಡಿತು ಎಂಬ ಬಲವಾದ ಅನುಮಾನ ತಜ್ಞರಿಗಿದೆ. ಜೊತೆಗೆ ಕೀಟನಾಶಕ, ಹೂಗಾವಲು ಕಳೆದುಹೋದದ್ದು, ಹವಾಮಾನದ ಏರುಪೇರು. ಇವೆಲ್ಲ ಪರಾವಲಂಬಿಗೂ ತಟ್ಟುತ್ತವೆ, ಅದರ ಮೇಲೆ ಆತಿಥೇಯ ಗೂಡುಗಳೂ ಸಿಗುವುದಿಲ್ಲ. ಹಾಗಾಗಿ ಎರಡು ಪೆಟ್ಟು. ಅಮೆರಿಕದಲ್ಲಿ ಅದು ಕೊನೆಗೆ ಕಂಡದ್ದು 2016ರಲ್ಲಿ, ಆರೆಗಾನ್ ರಾಜ್ಯದಲ್ಲಿ. 2024ರ ಡಿಸೆಂಬರ್‌ನಲ್ಲಿ ಅಮೆರಿಕದ ಕೇಂದ್ರ ಸರ್ಕಾರ ಅದನ್ನು ಅಳಿವಿನಂಚಿನ ಪಟ್ಟಿಗೆ ಸೇರಿಸುವ ಪ್ರಸ್ತಾಪ ಹೊರಡಿಸಿತು. ಕಾಣದೆ ಎಂಟು ವರ್ಷ ಆದಮೇಲೆ! ನನಗೆ ಹೊಟ್ಟೆ ಉರಿಯುವುದು ಇಲ್ಲೇ.

ಆದ್ದರಿಂದ ಥೈರಿಯಸ್ ಉಳಿಯಬೇಕಾದರೆ ನೀಲಿ ಪಟ್ಟೆ ಜೇನಿನ ಮನೆ ಉಳಿಯಬೇಕು. ನಿಮ್ಮ ಬದನೆ, ಟೊಮೆಟೊಗೂ ಅದು ಬೇಕು. ಅದರ ಹಾಗೆ ಹೂವನ್ನು ಹಿಡಿದು ಮೈ ನಡುಗಿಸಿ ಪರಾಗ ಉದುರಿಸುವ ಕೆಲಸ ಪೆಟ್ಟಿಗೆ ಜೇನಿಗೆ ಬರುವುದಿಲ್ಲ.

ಬದುವಿಗೆ ಕಳೆನಾಶಕ ಹೊಡೆಯಬೇಡಿ. ತುಂಬೆ, ತುಳಸಿ, ಕಾಮಕಸ್ತೂರಿ ಹೂ ಬಿಡಲಿ. ಔಷಧಿ ಹೊಡೆಯಲೇಬೇಕಾದರೆ ಹೂ ಇಲ್ಲದಾಗ, ಜೇನು ಓಡಾಟ ನಿಂತ ಸಂಜೆ ಹೊತ್ತಲ್ಲಿ ಹೊಡೆಯಿರಿ. ಇಮಿಡಾಕ್ಲೋಪ್ರಿಡ್ ಥರದ ಕೀಟನಾಶಕಕ್ಕೆ ಮಾತ್ರ ಸಂಜೆ ಎಂಬ ಉಪಾಯ ಸಾಲದು. ಅದು ಗಿಡದೊಳಗೆ ಹರಿದು ಮಕರಂದಕ್ಕೂ ಪರಾಗಕ್ಕೂ ಸೇರುತ್ತದೆ. ಸಂಜೆ ಒಣ ಕಡ್ಡಿಯನ್ನು ಬಾಯಲ್ಲಿ ಕಚ್ಚಿಕೊಂಡು ಈ ಜೇನುಗಳು ನೇತಾಡುತ್ತಿದ್ದರೆ ಸತ್ತಿವೆ ಎಂದುಕೊಳ್ಳಬೇಡಿ, ಮಲಗುವ ರೀತಿಯೇ ಅದು. ಕಡ್ಡಿ ಕೀಳಬೇಡಿ.

ಗೋಡೆಗೆ ಸಿಮೆಂಟ್ ಮೆತ್ತಬೇಕು ಅಂದಿದ್ರಿ. ಜೇನು ಕಾಣದ ದಿನಗಳಲ್ಲೂ ತೂತಿನೊಳಗೆ ಮರಿ ಇರಬಹುದು, ಖಾಲಿ ಎಂದು ಮುಚ್ಚಬೇಡಿ. ತೂತಿಲ್ಲದ ಕಡೆ ಮೆತ್ತಿ, ಗೂಡಿರುವ ಭಾಗವನ್ನು ಹಾಗೇ ಬಿಡಿ. ಮಳೆ ಬಡಿಯುತ್ತಿದ್ದರೆ ಮೇಲೊಂದು ತಗಡು ಚಾಚಿದರೆ ಸಾಕು.